ಅಣ್ಣನ ಕೈ ಅಲುಗಿರಲಿಲ್ಲ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಫೋಟೊ ಲ್ಯಾಬಿನ ಶಟರನ್ನು ಸೊಂಟದೆತ್ತರಕ್ಕೆ ಮಾತ್ರ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾರೆ ಐವತ್ತಮೂರು ವರ್ಷದ ಆ ಹೆಂಗಸು. ಪೂರ್ತಿ ಎತ್ತಿದರೆ ಅದರ ಕರಕರ ಸದ್ದಿಗೆ ಮೇಲ್ಮನೆಯ ಮಗು ಎದ್ದು ರಂಪ ಮಾಡುತ್ತದೆ, ಮಗುವಿನ ಅಮ್ಮನ ಮುಖ ಇಡೀ ದಿನ ಊದಿಕೊಂಡಿರುತ್ತದೆ. ಹಿಂದಿನ ಕೋಣೆಗೆ ಹೋಗಿ ದೀಪ ಹಾಕುತ್ತಾರೆ. ಎಂಟಡಿಗೆ ಹತ್ತಡಿ ಜಾಗ, ಬೂದು ಬಣ್ಣದ ಗೋಡೆ, ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ, ಒಂದು ಮೇಜು, ಮೇಜಿನ ಮೇಲೆ ಮಾನಿಟರ್. ನಲ್ಲಿಯ ತಣ್ಣೀರಿನಲ್ಲಿ ಕಣ್ಣು ತೊಳೆದು, ಕನ್ನಡಕವನ್ನು ಒಂದು ಬಟ್ಟೆಯಿಂದಲೂ ಮಾನಿಟರನ್ನು ಇನ್ನೊಂದು ಬಟ್ಟೆಯಿಂದಲೂ ಒರೆಸಿ ಕೂರುತ್ತಾರೆ. ಮನೆ ಬಿಟ್ಟು ಇಲ್ಲಿಗೆ ಬರುವವರೆಗೆ ಮೊಬೈಲ್ ಮುಟ್ಟಿರುವುದಿಲ್ಲ. ದಿನದ ಮೊದಲ ನೋಟ ಕೆಲಸಕ್ಕೇ ಮೀಸಲು.

ಮೊದಲ ಫೋಟೊ ತೆರೆದುಕೊಳ್ಳುತ್ತದೆ. ಯಾರದೋ ಮದುವೆ, ನಗುತ್ತಿರುವ ಹುಡುಗಿ. ನಗು ಎಂಥದ್ದೆಂದು ನಾವು ನೋಡುವಷ್ಟರಲ್ಲಿ ಅವರು ಮೌಸ್ ಒತ್ತಿಯಾಗಿದೆ. ಹುಡುಗಿ ಮಾಯ. ಮಾನಿಟರ್ ತುಂಬ ಒಂದು ಕಣ್ಣು, ಒಂದಷ್ಟು ರೆಪ್ಪೆಗೂದಲು, ಹುಬ್ಬಿನ ಒಂದು ತುದಿ. ಕೂದಲು ಒಂದೊಂದಾಗಿ ಬಿಡಿಬಿಡಿಯಾಗಿ ಕಂಡರೆ ಕೀಬೋರ್ಡಿನ ಬಲಗಡೆಯ ಕೀಲಿ, ಒಂದಕ್ಕೊಂದು ಮೆತ್ತಿಕೊಂಡಿದ್ದರೆ ಎಡಗಡೆಯ ಕೀಲಿ. ಬಲಕ್ಕೆ ಒತ್ತಿದ್ದು "ಇರಲಿ" ಎಂಬ ಫೋಲ್ಡರಿಗೆ, ಎಡಕ್ಕೆ ಒತ್ತಿದ್ದು "ಬೇಡ" ಎಂಬ ಫೋಲ್ಡರಿಗೆ ಹೋಗುತ್ತದೆ. ಒಂದು ಫೋಟೊಗೆ ನಾಲ್ಕು ಸೆಕೆಂಡು. ದಿನಕ್ಕೆ ಎರಡು ಸಾವಿರದ ನಾನೂರು ಫೋಟೊ.

"ಮುಖ ನೋಡ್ತಾ ಕೂತ್ರೆ ಕೆಲಸ ಸಾಗಲ್ಲ," ಎನ್ನುತ್ತಾರೆ, ಕಣ್ಣು ಕೀಳದೆ. "ನಗು ಹೇಗಿದೆ, ಬಟ್ಟೆ ಹೇಗಿದೆ, ಅದೆಲ್ಲ ಬೇರೆಯವರು ನೋಡ್ಕೋತಾರೆ. ನಂದು ಕಣ್ಣು ಶಾರ್ಪ್ ಇದ್ಯಾ ಇಲ್ವಾ, ಅಷ್ಟೇ."

ಐದು ಜನ ಫೋಟೊಗ್ರಾಫರುಗಳಿರುವ ಈ ಸ್ಟುಡಿಯೊದಲ್ಲಿ, ಮದುವೆಯಿಂದ ಹಿಡಿದು ಶಾಲೆಯ ತರಗತಿ ಚಿತ್ರದವರೆಗೆ ಏನೇ ಆಲ್ಬಮ್ಮಿಗೆ ಹೋಗಬೇಕಾದರೂ ಮೊದಲು ಈ ಕೋಣೆ ದಾಟಬೇಕು. ಎದುರಿಗೆ ಎಲ್ಲರೂ "ಅಕ್ಕ" ಎನ್ನುತ್ತಾರೆ. ಬೆನ್ನ ಹಿಂದೆ "ಹದ್ದಕ್ಕ". ಹದ್ದಿನ ಕಣ್ಣಿನ ಅಕ್ಕ ಎಂದು ಅರ್ಥ. ಅವರಿಗೂ ಅದು ಗೊತ್ತು. ಒಂದು ಕಾಲಕ್ಕೆ ಆ ಹೆಸರು ಕೇಳಿದರೆ ಒಳಗೊಳಗೇ ಹಿಗ್ಗುತ್ತಿದ್ದರಂತೆ. ಈಗ ಯಾರಾದರೂ ಹಾಗೆಂದರೆ ತಲೆ ತಗ್ಗಿಸಿ ಮುಂದಿನ ಫೋಟೊ ತೆರೆಯುತ್ತಾರೆ. ಒಂಬತ್ತು ವರ್ಷದ ಹಿಂದೆ ಇದೇ ಕಣ್ಣನ್ನು ನಂಬಿ, ಇದೇ ಕುರ್ಚಿಯಲ್ಲಿ ಕೂತು, ತಮ್ಮ ಸ್ವಂತ ಅಣ್ಣನಿಗೆ "ನಿನ್ನ ಕೈ ಅಲುಗುತ್ತಿದೆ" ಎಂದು ಹೇಳಿದ್ದರು. ಅಣ್ಣ ಕ್ಯಾಮೆರಾ ಕೆಳಗಿಟ್ಟರು. ಕೈ ಅಲುಗಿರಲಿಲ್ಲ ಎಂದು ಇವರಿಗೆ ಗೊತ್ತಾದದ್ದು ಎಂಟು ವರ್ಷ ಕಳೆದ ಮೇಲೆ.

ಮೊದಲು ಅವರು ಕೆಲಸಕ್ಕೆ ಬರುತ್ತಿದ್ದದ್ದು ಆರೂವರೆಗೆ. ಮುಕ್ಕಾಲು ಗಂಟೆ ಮುಂಚೆ ಬರಲು ಶುರುಮಾಡಿ ಒಂದು ವರ್ಷವಾಯಿತು. ಎಡಗಡೆಯ ಕೀಲಿ ಒತ್ತುವ ಮೊದಲು ಈಗ ಇನ್ನೊಂದು ಕೆಲಸ ಸೇರಿಕೊಂಡಿದೆ. ಹಿಗ್ಗಿಸಿದ ಫೋಟೊವನ್ನು ಮತ್ತೆ ಕುಗ್ಗಿಸಿ, ಆಲ್ಬಮ್ಮಿನಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೋ ಅಷ್ಟೇ ಅಳತೆಗೆ ತಂದು, ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ತಳ್ಳಿ ನೋಡುತ್ತಾರೆ. ಆಗಲೂ ಅನುಮಾನ ಉಳಿದರೆ ಒಂದು ತುಂಡು ಕಾಗದದ ಮೇಲೆ ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದು ನೋಡುತ್ತಾರೆ. ಸ್ಟುಡಿಯೊದ ಯಜಮಾನರು ಇಷ್ಟೆಲ್ಲ ಯಾಕೆ, ಹೊತ್ತು ಹಿಡಿಯುತ್ತದೆ ಎಂದು ಗೊಣಗಿದ್ದಕ್ಕೆ, ಆ ಹೊತ್ತು ನನ್ನದು, ನಿಮ್ಮದಲ್ಲ ಎಂದು ಹೇಳಿ ಮುಂಚೆ ಬರತೊಡಗಿದರು.

ಈ ಕೆಲಸಕ್ಕೆ ಅವರನ್ನು ಕರೆತಂದದ್ದು ಅಣ್ಣನೇ. ಅಣ್ಣ ತಂಗಿಗೆ ಹನ್ನೊಂದು ವರ್ಷದ ಅಂತರ. ತಂಗಿ ಇಪ್ಪತ್ತೆರಡರ ಹುಡುಗಿಯಾಗಿ ಸ್ಟುಡಿಯೊಗೆ ಕಾಲಿಟ್ಟಾಗ ಇನ್ನೂ ಫಿಲ್ಮಿನ ಕಾಲ. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ನೆಗೆಟಿವ್ ಹಾಸಿ, ಬೆರಳಿನಷ್ಟು ದಪ್ಪದ ಭೂತಗನ್ನಡಿಯನ್ನು ಕಣ್ಣಿಗೆ ಹಚ್ಚಿಕೊಂಡು, ಯಾವುದು ಪ್ರಿಂಟಿಗೆ ಹೋಗಬಹುದು ಯಾವುದು ಬೇಡ ಎಂದು ಆರಿಸುವುದು. ಅಣ್ಣ ಪಕ್ಕದಲ್ಲಿ ಕೂತು ಕಲಿಸಿದರು. ಮೊದಲ ವಾರವಿಡೀ ತಂಗಿ ತಪ್ಪು ಆರಿಸಿದರೂ ಬೈಯಲಿಲ್ಲ. ತಪ್ಪು ಆರಿಸಿದ್ದನ್ನೇ ಪ್ರಿಂಟ್ ಹಾಕಿ, ಗೋಡೆಗೆ ಅಂಟಿಸಿ, ಊಟದ ಹೊತ್ತಿಗೆ ತಂಗಿಯನ್ನು ಅದರ ಎದುರಿಗೆ ಕೂರಿಸುತ್ತಿದ್ದರು. "ತಟ್ಟೆಯಿಂದ ತಲೆನೇ ಎತ್ತುತಿರ್ಲಿಲ್ಲ," ಎಂದು ಈಗ ನಗುತ್ತಾರೆ.

ಅಣ್ಣನ ಕೈಯ ಬಗ್ಗೆ ಸ್ಟುಡಿಯೊದಲ್ಲಿ ದಂತಕಥೆಗಳೇ ಇದ್ದವು. ಮಂದ ಬೆಳಕಿನ ಸಭಾಂಗಣದಲ್ಲಿ, ಉಳಿದವರು ಮೂರು ಕಾಲಿನ ಸ್ಟ್ಯಾಂಡ್ ಹುಡುಕುತ್ತಿದ್ದರೆ, ಇವರು ಕಂಬಕ್ಕೆ ಒಂದು ಭುಜ ಆನಿಸಿ ಉಸಿರು ಹಿಡಿದು ಒತ್ತಿಬಿಡುತ್ತಿದ್ದರು. ತುಂಬಿದ ಚಹಾ ಲೋಟವನ್ನು ಎರಡು ಅಂತಸ್ತು ಮೆಟ್ಟಿಲು ಹತ್ತಿಸಿ ಒಂದು ಹನಿ ಚೆಲ್ಲದೆ ತರುತ್ತೇನೆಂದು ಪಂಥ ಕಟ್ಟಿ ಗೆದ್ದದ್ದೂ ಉಂಟು. ಸ್ಟುಡಿಯೊದ ಉಳಿದ ಫೋಟೊಗ್ರಾಫರ್ ಹುಡುಗರು ತೆಗೆದ ನೂರು ಫೋಟೊಗಳಲ್ಲಿ ಹತ್ತು "ಬೇಡ"ಕ್ಕೆ ಹೋದರೆ ಅಣ್ಣನವು ನಾಲ್ಕು ಹೋಗುತ್ತಿದ್ದವು. ಆ ನಾಲ್ಕನ್ನೂ ತಂಗಿ ಮುಲಾಜಿಲ್ಲದೆ ಎಡಕ್ಕೆ ತಳ್ಳುತ್ತಿದ್ದರು. ಅಣ್ಣನಿಗೂ ಅದೇ ಬೇಕಾಗಿತ್ತು. ನನ್ನ ತಂಗಿ ನನ್ನನ್ನೂ ಬಿಡುವುದಿಲ್ಲ ಎಂದು ಕಂಡವರ ಹತ್ತಿರವೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಈಗ ಸ್ವಲ್ಪ ಕೆಲಸದ ವಿಷಯಕ್ಕೆ ಬರಬೇಕು. ಅದು ಗೊತ್ತಾಗದೆ ಈ ಅಕ್ಕನ ಸಂಕಟ ಗೊತ್ತಾಗುವುದಿಲ್ಲ.

ಕ್ಯಾಮೆರಾದ ಬೆನ್ನಿಗೆ ಅಂಗೈಯಗಲದ ಒಂದು ಪುಟ್ಟ ಪರದೆ ಇರುತ್ತದಲ್ಲ, ಅದರಲ್ಲಿ ನೋಡಿದರೆ ಲೋಕದ ಎಲ್ಲ ಫೋಟೊಗಳೂ ಚೆಂದವೇ. ಅದನ್ನು ನಂಬಿ ಹುಡುಗರು ಎದೆಯುಬ್ಬಿಸಿಕೊಂಡು ಬರುತ್ತಾರೆ, ಅಕ್ಕನ ಮಾನಿಟರಿನಲ್ಲಿ ಹಿಗ್ಗಿಸಿದಾಗ ಗಾಳಿ ಹೋದ ಚೆಂಡಿನಂತಾಗುತ್ತಾರೆ. ಪೂರ್ತಿ ಹಿಗ್ಗಿಸುವುದೆಂದರೆ ಕಸುಬಿನ ಮಾತಿನಲ್ಲಿ ನೂರು ಪರ್ಸೆಂಟ್. ಫೋಟೊದ ಒಂದೊಂದು ಚುಕ್ಕಿಯೂ ಮಾನಿಟರಿನ ಒಂದೊಂದು ಚುಕ್ಕಿಯ ಮೇಲೆ ಕೂರುವ ಅಳತೆ ಅದು. ಚಿಕ್ಕದಾಗಿ ನೋಡಿದಾಗ ಅಡಗಿ ಕೂತ ಅಲುಗಾಟವೆಲ್ಲ ಅಲ್ಲಿ ಬಯಲಾಗುತ್ತದೆ. ಹಾಗಾಗಿ ಅದೇ ಕೊನೆಯ ಮಾತು ಎಂದು ಎಲ್ಲರೂ ನಂಬಿದ್ದರು. ಅಕ್ಕ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದರು.

ಒಂಬತ್ತು ವರ್ಷದ ಹಿಂದೆ ಯಜಮಾನರು ಹೊಸ ಕ್ಯಾಮೆರಾ ತಂದರು. ಒಂದೇ ಒಂದು. ಹಳೆಯವು ಆರು ಮೆಗಾಪಿಕ್ಸೆಲ್, ಇದು ಇಪ್ಪತ್ತನಾಲ್ಕು, ಅಂದರೆ ಒಂದು ಫೋಟೊದಲ್ಲಿ ನಾಲ್ಕು ಪಟ್ಟು ಚುಕ್ಕಿಗಳು, ಉದ್ದಕ್ಕೂ ಅಗಲಕ್ಕೂ ಎರಡೆರಡು ಪಟ್ಟು. ಯಾರಿಗೆ ಕೊಡುವುದು ಎಂಬ ಮಾತೇ ಬರಲಿಲ್ಲ. ಮೂವತ್ತೊಂದು ವರ್ಷ ಸೇವೆ ಮಾಡಿದ ಹಿರಿಯರಿಗೆ, ಮರ್ಯಾದೆಯಿಂದ, ಎಲ್ಲರೆದುರು ಕೊಟ್ಟರು. ಅಣ್ಣ ಹೊಸ ಮೊಮ್ಮಗುವನ್ನು ನೋಡುವಂತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ. ಹುಡುಗರೆಲ್ಲ ಹಳೆಯದರಲ್ಲೇ ಮುಂದುವರಿದರು.

ಮೂರು ತಿಂಗಳಲ್ಲಿ ಅಣ್ಣನ "ಬೇಡ" ನಾಲ್ಕರಿಂದ ಮೂವತ್ತಕ್ಕೆ ಏರಿತು. ಹುಡುಗರದು ಅದೇ ಹತ್ತು. ಅಕ್ಕ ಮೊದಲು ಲೆನ್ಸ್ ಮೇಲೆ ಅನುಮಾನಪಟ್ಟು ಬದಲಾಯಿಸಿದರು. ಆಮೇಲೆ ಬೆಳಕು ಸರಿ ಇರಲಿಲ್ಲವೇನೋ ಎಂದುಕೊಂಡರು. ಕೊನೆಗೆ ಉಳಿದದ್ದು ಒಂದೇ. ಅಣ್ಣನಿಗೆ ಐವತ್ತೈದು. ಆ ವಯಸ್ಸಿಗೆ ಕೈ ನಡುಗುವುದು ಲೋಕದಲ್ಲಿ ಹೊಸದೇನಲ್ಲ.

ಬೇರೆ ಯಾರಿಂದಲೋ ಕೇಳುವುದಕ್ಕಿಂತ ತಾನೇ ಹೇಳುವುದು ಒಳ್ಳೆಯದು ಎಂದು ಒಂದು ಬೆಳಿಗ್ಗೆ ಅಣ್ಣನನ್ನು ಈ ಕೋಣೆಗೆ ಕರೆದರು. ಬಾಗಿಲು ಮುಂದೆ ಮಾಡಿ, ಕೈ ಸ್ವಲ್ಪ ಅಲುಗುತ್ತಿದೆ ಅನ್ನಿಸುತ್ತದೆ ಎಂದರು. ಅಣ್ಣ ಎಷ್ಟು ಎಂದು ಕೇಳಿದರು. ಇವರು ಮಾನಿಟರ್ ತೋರಿಸಿದರು. ಹಿಗ್ಗಿಸಿದ ಕಣ್ಣು, ಮೆತ್ತಿಕೊಂಡ ರೆಪ್ಪೆಗೂದಲು. ಒಂದು, ಎರಡು, ಮೂರು, ಹೀಗೆ ಇಪ್ಪತ್ತು ಫೋಟೊ. ಪಕ್ಕದಲ್ಲಿ ಹುಡುಗರದನ್ನೂ ಇಟ್ಟು ತೋರಿಸಿದರು, ಅನ್ಯಾಯ ಆಗಬಾರದಲ್ಲ ಎಂದು. ಅಣ್ಣ ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ಹದಿನೈದು ದಿನ ಕಳೆಯುವುದರೊಳಗೆ ಕ್ಯಾಮೆರಾ ಯಜಮಾನರ ಮೇಜಿನ ಮೇಲಿತ್ತು. ಆ ವರ್ಷ ಅದನ್ನು ಬೇರೆ ಯಾರೂ ಮುಟ್ಟಲಿಲ್ಲ.

"ಆಗ ಎಲ್ಲರೂ ನನ್ನ ಹೊಗಳಿದ್ರು," ಎನ್ನುವಾಗ ಅಕ್ಕನ ದನಿ ಇಳಿಯುತ್ತದೆ. "ಅಣ್ಣ ಅಂತಾನೂ ನೋಡ್ಲಿಲ್ಲ, ನೇರ ಹೇಳಿಬಿಟ್ಳು ಅಂತ. ನಂಗೂ ಒಂಥರಾ ಹೆಮ್ಮೆ ಆಯ್ತು. ಅದು ನೆನೆಸ್ಕೊಂಡ್ರೆ ಈಗ್ಲೂ ನಾಚಿಕೆ ಆಗುತ್ತೆ. ತಪ್ಪು ಮಾಡಿದ್ದಕ್ಕಿಂತ, ಅದಕ್ಕೆ ಹೆಮ್ಮೆಪಟ್ನಲ್ಲ."

ಮುಂದಿನ ವರ್ಷ ಹುಡುಗರಿಗೂ ಅಂಥವೇ ಹೊಸ ಕ್ಯಾಮೆರಾಗಳು ಬಂದವು. ಆಗಲಾದರೂ ಗೊತ್ತಾಗಬೇಕಿತ್ತು. ಆದರೆ ಅದೇ ವಾರ ಅಕ್ಕನಿಗೆ ಹೊಸ ಮಾನಿಟರ್ ಬಂತು. ಹಳೆಯದಕ್ಕಿಂತ ಸಣ್ಣ ಸಣ್ಣ ಚುಕ್ಕಿಗಳ, ಒತ್ತೊತ್ತಾಗಿ ಹೆಣೆದಂತಿರುವ ಮಾನಿಟರ್. ಅದರಲ್ಲಿ ಹುಡುಗರ ಫೋಟೊಗಳೆಲ್ಲ ಚೆನ್ನಾಗಿಯೇ ಕಂಡವು. ನೂರಕ್ಕೆ ಹತ್ತು "ಬೇಡ", ಮೊದಲಿನಷ್ಟೇ. ಯಾರಿಗೂ ಏನೂ ಅನ್ನಿಸಲಿಲ್ಲ. ಲ್ಯಾಬು ನಡೆಯಿತು, ವರ್ಷಗಳು ಉರುಳಿದವು. ಅಕ್ಕನ ಕನ್ನಡಕದ ನಂಬರ್ ಎರಡು ಸಲ ಏರಿತು. ಕತ್ತು ಹಿಡಿದುಕೊಳ್ಳುವುದು ಶುರುವಾಯಿತು. ಕಣ್ಣಿಗೆ ದಿನಕ್ಕೆ ನಾಲ್ಕು ಬಾರಿ ಹನಿ ಬಿಡಬೇಕೆಂದು ವೈದ್ಯರು ಬರೆದುಕೊಟ್ಟರು. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಪಾಳಿ ಕೆಲಸ ಮಾಡುವ ಅವರ ಗಂಡ, ಇವಳ ಎದುರು ಗಡ್ಡ ಹೆರೆಯದೆ ಕೂತರೆ ಒಂದೊಂದೇ ಕೂದಲು ಎಣಿಸುತ್ತಾಳೆ ಎಂದು ಚುಡಾಯಿಸುತ್ತಾರೆ.

ಕಳೆದ ವರ್ಷ ಆ ಹೊಸ ಮಾನಿಟರ್ ಕೈಕೊಟ್ಟಿತು. ರಿಪೇರಿಗೆ ಕಳಿಸಿ, ಅಟ್ಟದ ಮೇಲಿದ್ದ ಹಳೆಯದನ್ನು ಇಳಿಸಿ, ಧೂಳು ಕೊಡವಿ ಹಾಕಿಕೊಟ್ಟರು. ಬೆಳಿಗ್ಗೆ ಕೂತು ಮೊದಲ ಫೋಟೊ ಹಿಗ್ಗಿಸಿದರು. ಅಲುಗಿತ್ತು. ಎರಡನೆಯದೂ ಅಲುಗಿತ್ತು. ನೂರು ಮುಗಿಯುವಷ್ಟರಲ್ಲಿ ಮೂವತ್ತು "ಬೇಡ"ಕ್ಕೆ ಹೋಗಿದ್ದವು. ತೆಗೆದವನು ಇಪ್ಪತ್ತೆಂಟು ವರ್ಷದ ಹುಡುಗ, ಕಂಬದಂತಿದ್ದಾನೆ, ವ್ಯಾಯಾಮ ಮಾಡಿ ತೋಳು ಉಬ್ಬಿಸಿಕೊಂಡಿದ್ದಾನೆ. ಅವನ ಕೈ ಹೇಗೆ ನಡುಗೀತು?

ಕೀಲಿಯ ಮೇಲಿದ್ದ ಅಕ್ಕನ ಬೆರಳು ಅಲ್ಲೇ ನಿಂತಿತು. ಎದ್ದು ಹೋಗಿ ಪಕ್ಕದ ಟೇಲರ್ ಅಂಗಡಿಯಿಂದ ಅಳತೆಯ ಟೇಪು ತಂದರು. ಆಗ ಮಾಡಿದ ಲೆಕ್ಕವನ್ನು ನಮಗೂ ಮಾಡಿ ತೋರಿಸಿದರು.

"ನೋಡಿ, ಆ ಹಳೇ ಮಾನಿಟರಲ್ಲಿ ಆರು ಮೆಗಾಪಿಕ್ಸೆಲ್ ಫೋಟೊ ಪೂರ್ತಿ ಹಿಗ್ಸಿದ್ರೆ ಎರಡೂವರೆ ಅಡಿ ಅಗಲ ಆಗುತ್ತೆ. ಇಪ್ಪತ್ನಾಲ್ಕರದ್ದು ಹಿಗ್ಸಿದ್ರೆ ಐದಡಿ. ನಾನು ಹುಡುಗರದ್ದನ್ನ ಎರಡೂವರೆ ಅಡಿಯಲ್ಲಿ ನೋಡ್ತಿದ್ದೆ, ಅಣ್ಣಂದನ್ನ ಐದಡಿಯಲ್ಲಿ ನೋಡ್ತಿದ್ದೆ. ಇಬ್ರನ್ನೂ ಒಂದೇ ದೂರದಿಂದ. ಐದಡಿ ಫೋಟೊಗೆ ಮೂಗು ತಾಗ್ಸಿ ನೋಡಿದ್ರೆ ಯಾರ್ ಕೈ ತಾನೇ ಅಲುಗಿರಲ್ಲ ಹೇಳಿ? ಎಲ್ಲರ ಕೈನೂ ಅಷ್ಟಷ್ಟು ಅಲುಗಿಯೇ ಇರುತ್ತೆ. ಮೊದ್ಲೂ ಇತ್ತು. ನಂಗೆ ಕಾಣ್ತಿರ್ಲಿಲ್ಲ, ಅಷ್ಟೇ."

ಹೊಸ ಮಾನಿಟರಿನ ಚುಕ್ಕಿಗಳು ಅರ್ಧದಷ್ಟು ಸಣ್ಣವು. ಹಾಗಾಗಿ ಹುಡುಗರ ಹೊಸ ಫೋಟೊಗಳು ಅದರಲ್ಲಿ ಮತ್ತೆ ಎರಡೂವರೆ ಅಡಿಗೇ ಇಳಿದಿದ್ದವು, ಅವರು ಬಚಾವಾಗಿದ್ದರು. ಹೊಸ ಕ್ಯಾಮೆರಾ, ಹಳೆಯ ಮಾನಿಟರ್ ಎರಡೂ ಒಟ್ಟಿಗಿದ್ದದ್ದು ಒಂದೇ ವರ್ಷ. ಆ ಒಂದು ವರ್ಷದಲ್ಲಿ ಹೊಸ ಕ್ಯಾಮೆರಾ ಹಿಡಿದಿದ್ದದ್ದು ಒಬ್ಬರೇ. ಇಷ್ಟಕ್ಕೂ ಆಲ್ಬಮ್ಮಿನಲ್ಲಿ ಆ ಫೋಟೊ ಬರುತ್ತಿದ್ದದ್ದು ಒಂದಡಿ ಅಗಲಕ್ಕೆ. ಅದನ್ನು ಜನ ಮಡಿಲಲ್ಲಿಟ್ಟುಕೊಂಡು ನೋಡುತ್ತಾರೆಯೇ ಹೊರತು ಗೋಡೆಯಷ್ಟು ಮಾಡಿ ರೆಪ್ಪೆಗೂದಲು ಎಣಿಸುವುದಿಲ್ಲ. ಭೂತಗನ್ನಡಿ ಇಟ್ಟು ನೋಡಿದ ಮೇಲೆ ತೆಗೆದೂ ನೋಡಬೇಕು ಎಂದು ಫಿಲ್ಮಿನ ಕಾಲದಲ್ಲಿ ಅಣ್ಣನೇ ಹೇಳಿಕೊಟ್ಟಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ ಆ ಪಾಠ ಎಲ್ಲಿ ಬಿದ್ದುಹೋಯಿತೋ ಅಕ್ಕನಿಗೆ ನೆನಪಿಲ್ಲ.

ಲ್ಯಾಬಿನಲ್ಲಿ "ಬೇಡ" ಫೋಲ್ಡರುಗಳನ್ನು ಆ ಕಾಲಕ್ಕೆ ಡಿಸ್ಕಿಗೆ ಇಳಿಸಿ ಬೀರುವಿಗೆ ಎಸೆಯುವ ಅಭ್ಯಾಸವಿತ್ತು. ಅಕ್ಕ ಎರಡು ದಿನ ಬೀರು ಜಾಲಾಡಿದರು. ಅಣ್ಣನವು ಇನ್ನೂರ ಹನ್ನೆರಡು ಸಿಕ್ಕಿದವು. ಎಲ್ಲವನ್ನೂ ಒಂದಡಿ ಅಗಲಕ್ಕೆ ಪ್ರಿಂಟ್ ತೆಗೆದು, ಈ ಕೋಣೆಯ ನೆಲದ ಮೇಲೆ ಹರಡಿ, ನಿಂತು ನೋಡಿದರು. ಏಳೋ ಎಂಟೋ ಬಿಟ್ಟರೆ ಮಿಕ್ಕವೆಲ್ಲ ಚೆನ್ನಾಗಿದ್ದವು. ಮಗಳ ಕೆನ್ನೆ ಒರೆಸುವ ಅಪ್ಪ, ಚಪ್ಪಲಿ ಹುಡುಕುತ್ತಿರುವ ಮದುಮಗ, ಕುರ್ಚಿಯಲ್ಲೇ ನಿದ್ದೆಹೋದ ಅಜ್ಜಿ. ಯಾರ ಆಲ್ಬಮ್ಮಿಗೂ ಹೋಗದೆ ಬೀರುವಿನಲ್ಲಿ ಎಂಟು ವರ್ಷ ಬಿದ್ದಿದ್ದ ಫೋಟೊಗಳು. ಆ ಅಜ್ಜಿ ಈಗಿದ್ದಾರೋ ಇಲ್ಲವೋ. ಅಕ್ಕ ಆ ದಿನ ಮೊದಲ ಬಾರಿಗೆ ಮುಖಗಳನ್ನು ನೋಡಿದೆ ಎನ್ನುತ್ತಾರೆ.

ಹನ್ನೆರಡನ್ನು ಆರಿಸಿಕೊಂಡು ಅಣ್ಣನ ಮನೆಗೆ ಹೋದರು. ಎರಡು ಬೀದಿಯಾಚೆ, ಮೊದಲ ಮಹಡಿ. ದಾರಿಯುದ್ದಕ್ಕೂ ಹೇಗೆ ಶುರುಮಾಡುವುದೆಂದು ಬಾಯಿಪಾಠ ಮಾಡಿಕೊಂಡಿದ್ದು ಬಾಗಿಲು ತೆರೆದಾಗ ಮರೆತೇಹೋಯಿತು. ಪ್ರಿಂಟುಗಳನ್ನು ಮೇಜಿನ ಮೇಲಿಟ್ಟರು. ಅಣ್ಣ ಒಂದೊಂದನ್ನೂ ಕೈಚಾಚಿ ಹಿಡಿದು ನೋಡಿದರು, ಎರಡೆರಡು ಸಲ. ಯಾರು ತೆಗೆದದ್ದು, ಚೆನ್ನಾಗಿವೆ ಎಂದರು. ಆಗ ಅಕ್ಕ ಎಲ್ಲವನ್ನೂ ಹೇಳಿದರು, ಅಡಿ ಲೆಕ್ಕ, ಚುಕ್ಕಿ ಲೆಕ್ಕ ಸಮೇತ.

ಅಣ್ಣ ಪ್ರಿಂಟುಗಳನ್ನು ಒಟ್ಟುಗೂಡಿಸಿ ಅಂಚು ಸರಿಮಾಡಿದರು. ಆಮೇಲೆ, "ಹಾಗಾದ್ರೆ ಡಾಕ್ಟ್ರು ಹೇಳಿದ್ದೇ ಸರಿ," ಎಂದರು. ಕ್ಯಾಮೆರಾ ಹಿಂತಿರುಗಿಸಿದ ವಾರ ಅವರು ನರರೋಗದ ವೈದ್ಯರ ಹತ್ತಿರ ಹೋಗಿದ್ದರಂತೆ. ವೈದ್ಯರು ಕೈ ಚಾಚಿಸಿ, ಬೆರಳಿನಿಂದ ಮೂಗು ಮುಟ್ಟಿಸಿ, ಏನೂ ಇಲ್ಲ ಹೋಗಿ ಎಂದು ಕಳಿಸಿದ್ದರು. ತಂಗಿಗೆ ಇದು ಗೊತ್ತೇ ಇರಲಿಲ್ಲ. ಮತ್ತೆ ಯಾಕೆ ಕ್ಯಾಮೆರಾ ಬಿಟ್ಟೆ ಎಂದು ಕೇಳಿದರು.

"ಅವರಿಗೇನು ಗೊತ್ತು, ಒಂದು ನಿಮಿಷ ನೋಡಿದ್ರು. ನೀನು ಇಪ್ಪತ್ತು ವರ್ಷದಿಂದ ನೋಡ್ತಿದ್ದೆ. ನೀನು ಹೇಳಿದ್ಮೇಲೆ ಇನ್ನೇನು ಕೇಳೋದು ಕಣೆ?"

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಅವರು ಹೇಳಿದ್ದು ಒಂದೇ ಮಾತು. "ಮೊಮ್ಮಗಳನ್ನ ಒಂದು ದಿನಾನೂ ಎತ್ಕೊಳ್ಳಲಿಲ್ಲ ಇವರು. ಕೈ ನಡುಗುತ್ತೆ, ಬೀಳಿಸಿಬಿಡ್ತೀನಿ ಅಂತ." ಮೊಮ್ಮಗಳಿಗೆ ಈಗ ಎಂಟು ವರ್ಷ, ಎತ್ತಿಕೊಳ್ಳುವ ವಯಸ್ಸು ಕಳೆದಿದೆ. ಅಣ್ಣ ಹೆಂಡತಿಯನ್ನು ಸುಮ್ಮನಿರು ಎಂದು ಗದರಿದರು. ತಂಗಿಗೆ, ನೀನು ಕಂಡದ್ದನ್ನು ಹೇಳಿದೆ, ನಿನ್ನದೇನು ತಪ್ಪು ಎಂದರು. ಅಕ್ಕನಿಗೆ ಆ ಸಮಾಧಾನವೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ ಎನ್ನುತ್ತಾರೆ.

ಅಂದಿನಿಂದ ಅವರಿಗೆ ಇದ್ದದ್ದು ಒಂದೇ ಆಸೆ. ಅಣ್ಣ ಮತ್ತೆ ಕ್ಯಾಮೆರಾ ಹಿಡಿಯಬೇಕು. ಕೆಲಸಕ್ಕಲ್ಲ, ಸುಮ್ಮನೆ ಒಂದೇ ಒಂದು ಫೋಟೊ. ನಾಲ್ಕು ಸಲ ಕೇಳಿದ್ದಾರೆ. ಈಗ ಯಾಕೆ ಬಿಡು ಎಂದು ನಾಲ್ಕು ಸಲವೂ ಮಾತು ತೇಲಿಸಿದ್ದಾರೆ ಅಣ್ಣ. ಇತ್ತ ಲ್ಯಾಬಿನಲ್ಲಿ ಅಕ್ಕ ಹುಡುಗರನ್ನು ಕೂರಿಸಿಕೊಂಡು, ನೂರು ಪರ್ಸೆಂಟಿನಲ್ಲಿ ನೋಡಿ ಗಾಬರಿಯಾಗಬೇಡಿ, ಎಷ್ಟು ದೊಡ್ಡದಾಗಿ ಪ್ರಿಂಟ್ ಆಗುತ್ತದೆ, ಎಷ್ಟು ದೂರದಿಂದ ನೋಡುತ್ತಾರೆ ಎಂದು ಮೊದಲು ಕೇಳಿಕೊಳ್ಳಿ ಎಂದು ಹೇಳಿಕೊಡುತ್ತಾರೆ. ಒಂದು ಕ್ಯಾಮೆರಾದ ಫೋಟೊವನ್ನು ಇನ್ನೊಂದರ ಜೊತೆ ಹೋಲಿಸಬೇಕಾದರೆ ಎರಡನ್ನೂ ಒಂದೇ ಅಳತೆಗೆ ತಂದು ಹೋಲಿಸಿ ಎನ್ನುತ್ತಾರೆ. ಹುಡುಗರು ಹೂಂ ಹೂಂ ಎನ್ನುತ್ತಾರೆ. ಅವರಲ್ಲಿ ಇಬ್ಬರಿಗಾದರೂ ಅರ್ಥವಾಗಿದೆ ಎಂದು ಅಕ್ಕನ ಅಂದಾಜು. ಈ ಒಂದು ವರ್ಷದಲ್ಲಿ ಕುಗ್ಗಿಸಿ ನೋಡಿ ಅವರು "ಬೇಡ"ದಿಂದ ವಾಪಸು ಎತ್ತಿಕೊಂಡ ಫೋಟೊಗಳು ಹನ್ನೊಂದು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಒಂದರ ಬಗ್ಗೆಯೂ ಗಿರಾಕಿಗಳಿಂದ ದೂರು ಬಂದಿಲ್ಲ.

ಕಳೆದ ವಾರ ಈ ಲೇಖನಕ್ಕೆ ಅವರದೊಂದು ಫೋಟೊ ಬೇಕಿತ್ತು. ಪತ್ರಿಕೆಯ ಫೋಟೊಗ್ರಾಫರ್ ಮಧ್ಯಾಹ್ನ ಲ್ಯಾಬಿಗೆ ಬಂದರೆ, ಅಕ್ಕ ಅವರ ಎದುರು ಕೂರಲು ಒಪ್ಪಲಿಲ್ಲ. ಅಣ್ಣ ತೆಗೆಯುವುದಾದರೆ ಮಾತ್ರ ಎಂದು ಹಟ ಹಿಡಿದರು. ಎಲ್ಲರೂ ಅಣ್ಣನ ಮನೆಗೆ ಹೋದದ್ದಾಯಿತು. ಐದನೆಯ ಸಲ ಕೇಳಿದರು. ಹೊರಗಿನವರ ಎದುರು ಇಲ್ಲವೆನ್ನಲು ಸಂಕೋಚವಾಯಿತೋ, ಅಥವಾ ಅತ್ತಿಗೆ ಹಿಂದಿನಿಂದ ತೆಗೀರಿ ಅಂದದ್ದು ನಾಟಿತೋ, ಅಣ್ಣ ಕೈ ಒರೆಸಿಕೊಂಡು ಪತ್ರಿಕೆಯವರ ಕ್ಯಾಮೆರಾ ತೆಗೆದುಕೊಂಡರು. ತಂಗಿಯನ್ನು ಕಿಟಕಿಯ ಪಕ್ಕ ಕೂರಿಸಿದರು. ಗಲ್ಲ ಸ್ವಲ್ಪ ಇಳಿಸು ಎಂದರು. ಬಾಗಿಲ ಚೌಕಟ್ಟಿಗೆ ಭುಜ ಆನಿಸಿ, ಉಸಿರು ಹಿಡಿದು, ಒಂದೇ ಒಂದು ಒತ್ತಿದರು.

ನಂತರ ಕ್ಯಾಮೆರಾವನ್ನು ತಂಗಿಯ ಕಡೆಗೆ ಚಾಚಿ, ಹೇಗಿದೆ ಎಂದು ಕೇಳಿದರು.

ಅಂಗೈಯಗಲದ ಪರದೆ. ಎಂಥ ಫೋಟೊವೂ ಚೆನ್ನಾಗಿ ಕಾಣುವ ಪರದೆ. ಅದರಲ್ಲೂ ಅಕ್ಕನ ಮುಖದ ಅಂಚು ಎರಡಾಗಿ ಕಾಣುತ್ತಿತ್ತು. ಅಣ್ಣನಿಗೆ ಅರವತ್ತನಾಲ್ಕು. ಒಂಬತ್ತು ವರ್ಷದಿಂದ ಆ ಕೈ ಕ್ಯಾಮೆರಾ ಮುಟ್ಟಿಲ್ಲ, ತುಂಬಿದ ಲೋಟ ಹಿಡಿದಿಲ್ಲ, ಮಗು ಎತ್ತಿಲ್ಲ. ಚೆನ್ನಾಗಿದೆ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಣ್ಣ ತಂಗಿಯ ಮುಖವನ್ನೇ ನೋಡುತ್ತಿದ್ದರು. "ದೊಡ್ಡದು ಮಾಡಿ ನೋಡು," ಎಂದರು.

"ಬೇಡ ಅಣ್ಣ," ಎಂದರು ಅಕ್ಕ. "ಹೀಗೇ ಕಾಣ್ತಿದೆ. ಅಲುಗಿದೆ."

ಅಣ್ಣ ತಲೆಯಾಡಿಸಿದರು. ಕ್ಯಾಮೆರಾದ ಪಟ್ಟಿಯನ್ನು ಕತ್ತಿನಿಂದ ತೆಗೆದು ಅದರ ಒಡೆಯರಿಗೆ ಕೊಟ್ಟರು. ತಂಗಿಯ ತಲೆಯ ಮೇಲೊಮ್ಮೆ ಕೈಯಿಟ್ಟು, "ಈ ಸಲ ನೀನು ಸರಿಯಾಗಿ ನೋಡ್ದೆ," ಎಂದು ಒಳಗೆ ಹೋದರು.

ಮೆಟ್ಟಿಲಿಳಿಯುವಾಗ ಅಕ್ಕ ನಡುವೆ ನಿಂತುಬಿಟ್ಟರು. ಕನ್ನಡಕ ತೆಗೆದು ಬಟ್ಟೆ ಹುಡುಕಿದರು, ಸಿಗಲಿಲ್ಲ. ಆಗ ಸರಿಯಾಗಿದ್ದ ಕೈಯನ್ನು ಸರಿಯಿಲ್ಲ ಎಂದೆ, ಹಾಗೆಂದು ಹೇಳಿಯೇ ಅದನ್ನು ಹಾಳುಮಾಡಿದೆ ಎಂದು ಗೋಡೆಗೆ ಹೇಳುವಂತೆ ಹೇಳಿದರು. ಪತ್ರಿಕೆಯ ಫೋಟೊಗ್ರಾಫರ್ ಮೆಲ್ಲಗೆ, ಕೆಳಗೆ ಒಳ್ಳೆಯ ಬೆಳಕಿದೆ, ಇನ್ನೊಂದು ತೆಗೆದುಕೊಳ್ಳುತ್ತೇನೆ, ಅಚ್ಚಿಗೆ ಅದನ್ನೇ ಹಾಕೋಣ ಎಂದರು. ಅಕ್ಕ ಬೇಡವೇ ಬೇಡ ಎಂದರು. ಅದನ್ನೇ ಹಾಕಬೇಕು, ತಿದ್ದಬಾರದು ಎಂದರು. ಇನ್ನೊಂದು ಕೋರಿಕೆಯೂ ಇತ್ತು.

"ಅಲುಗಿರೋದು ಓದೋರಿಗೆ ಹೇಗೂ ಕಾಣುತ್ತೆ, ಅದಕ್ಕೇನೂ ಸಬೂಬು ಬರೀಬೇಡಿ. ಮೂವತ್ತೊಂದು ವರ್ಷ ಫೋಟೊ ತೆಗೆದ್ರು ಅವರು. ಎಲ್ಲದರ ಕೆಳಗೂ ಸ್ಟುಡಿಯೊ ಹೆಸರು ಬಂತು. ತೆಗೆದವರು ಯಾರು ಅಂತ ಒಂದರ ಕೆಳಗೂ ಬರ್ಲಿಲ್ಲ. ಇದರ ಕೆಳಗೆ 'ಚಿತ್ರ: ಅಣ್ಣ' ಅಂತ ಹಾಕಿ. ನಂಗೆ ಅಷ್ಟು ಸಾಕು."